ಹೂಡುವ ಪಾಠ: ಗಣಕವಿಜ್ಞಾನದ ಅಧ್ಯಾಪಕರಿಗೆ ಒಂದು ಬಹಿರಂಗ ಪತ್ರ

ನಾಡಿನ ಪದವಿ ಕಾಲೇಜುಗಳಲ್ಲಿಯೂ ಪಾಲಿಟೆಕ್ನಿಕ್‌ಗಳಲ್ಲಿಯೂ ಗಣಕವಿಜ್ಞಾನವನ್ನು ಬೋಧಿಸುತ್ತಿರುವ ಸಹೋದ್ಯೋಗಿ ಬಂಧುಗಳೆ,

ಕಳೆದ ಆಗಸ್ಟ್ ತಿಂಗಳ ಒಂದು ಸಂಜೆ, ಲ್ಯಾಬಿಗೆ ಬೀಗ ಹಾಕಿಸಬೇಕೆಂದು ನಾನು ಎದ್ದ ಹೊತ್ತಿಗೆ, ಐದನೆಯ ಸೆಮಿಸ್ಟರಿನ ಒಬ್ಬ ವಿದ್ಯಾರ್ಥಿನಿ ತನ್ನ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ಬಂದು ನಿಂತಳು. ಒಳಗೆ ಕರೆದು ಕೂರಿಸಿ ವಿಚಾರಿಸಲಾಗಿ, ಮೂರು ವಾರಗಳಿಂದ ಮನೆಯಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋವನ್ನು ಇನ್‌ಸ್ಟಾಲ್ ಮಾಡಲು ಹೆಣಗುತ್ತಿರುವುದಾಗಿಯೂ, ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದುದಾಗಿಯೂ, ಒಂದು ಜಿಬಿಗೂ ಮೀರಿದ ಕಡತವನ್ನು ಮತ್ತೆ ಮತ್ತೆ ಇಳಿಸಿಕೊಂಡು ಅಣ್ಣನ ಮೊಬೈಲಿನ ಡೇಟಾವನ್ನೂ ಮುಗಿಸಿ ಬೈಸಿಕೊಂಡುದಾಗಿಯೂ ತಿಳಿಸಿ, ಕೊನೆಗೆ ತಲೆ ತಗ್ಗಿಸಿ, “ಇದು ನನ್ನ ತಲೆಗೆ ಹತ್ತಲ್ಲ ಸರ್, ಪ್ರಾಜೆಕ್ಟಿಗೆ ಬೇರೆ ಏನಾದ್ರೂ ಕೊಟ್ಬಿಡಿ” ಎಂದಳು.

ನಾನು ಅವಳ ಯಂತ್ರವನ್ನು ಮುಟ್ಟಲಿಲ್ಲ. ಪರದೆಯ ಮೇಲೆ ಕೆಂಪಕ್ಷರಗಳಲ್ಲಿ ಮೂಡಿರುವುದನ್ನು ಗಟ್ಟಿಯಾಗಿ ಓದೆಂದು ಹೇಳಿದೆನು. “ಬಿಲ್ಡ್ ಫೇಲ್ಡ್” ಎಂದು ಓದಿ ನಿಲ್ಲಿಸಿದಳು. “ಅದರ ಕೆಳಗೆ ಏನಿದೆಯಮ್ಮ?” ಎಂದರೆ, “ಏನೇನೋ ಇದೆ ಸರ್, ನಾನು ಓದಿಲ್ಲ” ಎಂದಳು. ಅರ್ಥವಾಗದಿದ್ದರೂ ಚಿಂತೆಯಿಲ್ಲ, ಒಂದೊಂದೇ ಪದವಾಗಿ ಓದೆಂದು ಒತ್ತಾಯಿಸಿದ ಮೇಲೆ, ಬೆರಳನ್ನು ಸಾಲಿನ ಕೆಳಗೆ ಇಟ್ಟುಕೊಂಡು, “ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 65” ಎಂದು ಓದಿದಳು. “ಅರವತ್ತೈದರಲ್ಲಿ ನಲವತ್ತನಾಲ್ಕು ಕಳೆ” ಎಂದೆನು. “ಇಪ್ಪತ್ತೊಂದು” ಎಂದು ಹೇಳಿ, ಇದೇನು ಹೊಸ ಲೆಕ್ಕವೆಂಬಂತೆ ನನ್ನ ಮುಖವನ್ನು ನೋಡಿದಳು.

ತಮಗೆ ತಿಳಿದಿರುವಂತೆ, ಜಾವಾದ ಪ್ರತಿಯೊಂದು ಆವೃತ್ತಿಯೂ ತಾನು ಸಿದ್ಧಪಡಿಸಿದ ಕಡತದ ಹಣೆಯ ಮೇಲೆ ಒಂದು ಅಂಕಿಯನ್ನು ಬರೆದಿಡುತ್ತದೆ. ಎಂಟನೆಯ ಆವೃತ್ತಿಯದು 52, ಹದಿನೇಳನೆಯದು 61, ಇಪ್ಪತ್ತೊಂದನೆಯದು 65. ಆ ಅಂಕಿಯಲ್ಲಿ 44ನ್ನು ಕಳೆದರೆ ಉಳಿಯುವುದೇ ಆವೃತ್ತಿಯ ಸಂಖ್ಯೆ. ಅವಳು ಹೊಸದಾಗಿ ಇಳಿಸಿಕೊಂಡ ಸ್ಟುಡಿಯೋ ತನ್ನೊಡನೆ ಇಪ್ಪತ್ತೊಂದನೆಯ ಜಾವಾವನ್ನು ಹೊತ್ತು ತಂದಿತ್ತು; ಮಾದರಿಗೆಂದು ಸೀನಿಯರ್ ಒಬ್ಬಳಿಂದ ಪಡೆದ ಪ್ರಾಜೆಕ್ಟಿನಲ್ಲಿದ್ದುದಾದರೋ 7.5ರ ಗ್ರೇಡಲ್ ಎಂಬ ಬಿಲ್ಡ್ ಉಪಕರಣ. ಗ್ರೇಡಲ್‌ಗೆ ಇಪ್ಪತ್ತೊಂದರ ಪರಿಚಯವಾದುದು 8.5ನೆಯ ಆವೃತ್ತಿಯಿಂದ ಈಚೆಗೆ. ಹೀಗಿರುವಲ್ಲಿ ಅವಳು ಸ್ಟುಡಿಯೋವನ್ನು ನಾಲ್ಕು ಸಲವಲ್ಲ, ನಲವತ್ತು ಸಲ ತೆಗೆದು ಹಾಕಿದ್ದರೂ ಪ್ರತಿ ಸಲವೂ ಅದೇ ಜಾವಾ ಬಂದು ಅದೇ ಗ್ರೇಡಲ್‌ನ ಎದುರು ನಿಲ್ಲುತ್ತಿತ್ತು. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಗ್ರೇಡಲ್‌ನ ಆವೃತ್ತಿ ಬರೆದಿರುವ ಕಡತವನ್ನು ತಾನೇ ಹುಡುಕಿ ತೆರೆದು, ಗ್ರೇಡಲನ್ನು ಮೇಲೇರಿಸುವುದು ಇಲ್ಲವೆ ಜಾವಾವನ್ನು ಕೆಳಗಿಳಿಸುವುದು ಎಂಬ ಎರಡು ದಾರಿಗಳಲ್ಲಿ ಒಂದನ್ನು ತಾನೇ ಆರಿಸಿಕೊಂಡು, ಕಾಲೇಜಿನ ವೈಫೈಯಿಂದ ಹದಿನೇಳನೆಯ ಜಾವಾವನ್ನು ಇಳಿಸಿಕೊಂಡು, ಸೆಟ್ಟಿಂಗ್‌ನಲ್ಲಿ ಅದನ್ನು ತೋರಿಸಿಕೊಟ್ಟಳು. ಬಿಲ್ಡ್ ಆಯಿತು. ಮೂರು ವಾರಗಳ ಸಂಕಟಕ್ಕೆ ಬೇಕಾದ ಔಷಧ ಅರ್ಧ ಗಂಟೆಯದು. ಅದೂ ಕೆಂಪಕ್ಷರದಲ್ಲಿ, ಅವಳ ಕಣ್ಣೆದುರಿಗೇ ಬರೆದಿತ್ತು.

ಆ ಸಂಜೆ ಮನೆಗೆ ನಡೆದು ಹೋಗುವಾಗ ನನ್ನನ್ನು ಬಾಧಿಸಿದ ಸಂಗತಿ, ಆ ಹುಡುಗಿ ನನ್ನ ವಿದ್ಯಾರ್ಥಿನಿಯಾಗಿ ಆಗಲೇ ಎರಡು ವರ್ಷ ಕಳೆದಿದ್ದವು ಎಂಬುದು. ಆ ಎರಡು ವರ್ಷಗಳಲ್ಲಿ ಅವಳು ನಮ್ಮ ಲ್ಯಾಬಿನಲ್ಲಿ ನೂರಾರು ಗಂಟೆ ಕೆಲಸ ಮಾಡಿದ್ದಾಳೆ. ಒಂದು ದಿನವಾದರೂ ಒಂದು ತಂತ್ರಾಂಶವನ್ನು ತನ್ನ ಕೈಯಾರೆ ಯಂತ್ರದೊಳಕ್ಕೆ ಇಳಿಸಿ ನಿಲ್ಲಿಸಿದವಳಲ್ಲ. ಅದಕ್ಕೆ ಕಾರಣ ನಾನು. ಸೆಮಿಸ್ಟರ್ ಆರಂಭವಾಗುವ ಮೊದಲು, ರಜೆಯ ದಿನಗಳಲ್ಲಿ ಒಬ್ಬನೇ ಬಂದು ಕುಳಿತು, ಮೂವತ್ತು ಯಂತ್ರಗಳಿಗೂ ಬೇಕಾದುದನ್ನೆಲ್ಲ ತುಂಬಿ, ಪಾತ್ ಹೊಂದಿಸಿ, ಒಂದೊಂದರಲ್ಲಿಯೂ ಪರೀಕ್ಷಿಸಿ ನೋಡಿ, ವಿದ್ಯಾರ್ಥಿಗಳು ಬಂದು ಕೂತೊಡನೆ ಪ್ರೋಗ್ರಾಂ ಬರೆಯಲು ತೊಡಗುವಂತೆ ಅಣಿಮಾಡಿ ಇಡುವುದನ್ನು ನಾನು ವರ್ಷಗಟ್ಟಲೆ ನನ್ನ ಕರ್ತವ್ಯವೆಂದು ಭಾವಿಸಿದ್ದೆನು. ಮಕ್ಕಳ ಸಮಯ ಹಾಳಾಗಬಾರದೆಂಬ ಒಳ್ಳೆಯ ಉದ್ದೇಶವೇ ಅದರ ಹಿಂದೆ ಇದ್ದಿತು. ಆದರೆ ಆ ರಜೆಯ ದಿನಗಳಲ್ಲಿ ನನಗೆ ಎದುರಾದ ಒಂದೊಂದು ತೊಡಕೂ ನನಗೆ ಒಂದೊಂದು ಪಾಠವನ್ನು ಕಲಿಸಿತು. ಆ ಪಾಠಗಳನ್ನೆಲ್ಲ ನಾನೊಬ್ಬನೇ ಉಂಡು, ಮಕ್ಕಳಿಗೆ ತೊಳೆದ ಎಲೆಯನ್ನು ಹಾಸಿದೆನು. ತಮ್ಮಲ್ಲಿ ಬಹಳ ಮಂದಿ ಇದನ್ನೇ, ಇದೇ ಸದುದ್ದೇಶದಿಂದ ಮಾಡುತ್ತಿರುವಿರೆಂದು ಬಲ್ಲೆನಾದುದರಿಂದ ಈ ಪತ್ರವನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಇನ್‌ಸ್ಟಾಲ್ ಎಂಬುದಕ್ಕೆ ಅನುಸ್ಥಾಪನೆ ಎಂಬ ಗಂಭೀರವಾದ ಶಬ್ದವೊಂದನ್ನು ನಮ್ಮ ಪುಸ್ತಕಗಳು ಬಳಸುತ್ತಿವೆ. ಆ ಶಬ್ದದ ಮೇಲೆ ನನಗೆ ಆಕ್ಷೇಪಣೆಯಿಲ್ಲ. ಆದರೆ ನಮ್ಮ ಮನೆಮಾತಿನಲ್ಲಿ ಅದಕ್ಕಿಂತ ಬಹಳ ಹಿಂದಿನಿಂದ ಹೂಡು ಎಂಬ ಒಂದು ಕ್ರಿಯಾಪದವಿದೆ. ಒಲೆ ಹೂಡುತ್ತೇವೆ, ನೇಗಿಲು ಹೂಡುತ್ತೇವೆ, ಬಾಣ ಹೂಡುತ್ತೇವೆ, ಊರು ಬಿಟ್ಟು ಹೋದಲ್ಲಿ ಬಿಡಾರ ಹೂಡುತ್ತೇವೆ. ಈ ಎಲ್ಲ ಪ್ರಯೋಗಗಳಲ್ಲಿಯೂ ಹೂಡುವವನೂ ಮುಂದಿನ ಕೆಲಸವನ್ನು ಮಾಡುವವನೂ ಒಬ್ಬನೇ ಎಂಬುದನ್ನು ತಾವು ಗಮನಿಸಬೇಕು. ಮದುವೆಯ ಅಡಿಗೆಗೆ ಬಂದ ಭಟ್ಟರು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಕೊಪ್ಪರಿಗೆಯ ತಳಕ್ಕೆ ತಕ್ಕಂತೆ ಕಲ್ಲುಗಳ ಅಂತರವನ್ನು ಅಳೆದು, ಸೌದೆ ನೂಕುವ ಬಾಯಿಯನ್ನು ಬಿಟ್ಟು, ಹಿತ್ತಿಲಲ್ಲಿ ತಾವೇ ಒಲೆ ಹೂಡುವುದನ್ನು ನಾನು ಬಾಲ್ಯದಲ್ಲಿ ಅದೆಷ್ಟೋ ಸಲ ನಿಂತು ನೋಡಿದ್ದೇನೆ. ಅವರ ಜೊತೆಗೆ ಬಂದ ಹುಡುಗ ಮೊದಲ ವರ್ಷ ಕಲಿಯುತ್ತಿದ್ದುದೂ ಅದನ್ನೇ. ಸೌಟು ಅವನ ಕೈಗೆ ಬರುತ್ತಿದ್ದುದು ಆಮೇಲೆ.

ನಮ್ಮ ವಿಷಯದಲ್ಲಿ ಈ ಒಲೆಯ ಕಲ್ಲುಗಳು ಕಣ್ಣಿಗೆ ಬೀಳದಂತಾದುದಕ್ಕೆ ಒಂದು ಚರಿತ್ರೆಯೂ ಇದೆ. 2007ರ ನವೆಂಬರ್ ತಿಂಗಳಿನಲ್ಲಿ ಆ್ಯಂಡ್ರಾಯ್ಡ್‌ನ ಘೋಷಣೆಯಾದ ಒಂದು ವಾರಕ್ಕೆ ಅದರ ಎಸ್‌ಡಿಕೆಯ ಮೊದಲ ನೋಟ ಹೊರಬಂದಿತು. 2008ರ ಸೆಪ್ಟೆಂಬರಿನಲ್ಲಿ 1.0 ಆವೃತ್ತಿ ಬಂದಿತು. ಆ ಕಾಲದಲ್ಲಿ ಆ್ಯಪ್ ಬರೆಯಬೇಕೆಂದವನು ಜೆಡಿಕೆಯನ್ನು ಒಂದು ಕಡೆಯಿಂದ, ಎಕ್ಲಿಪ್ಸ್ ಎಂಬ ಬರೆಯುವ ಮನೆಯನ್ನು ಇನ್ನೊಂದು ಕಡೆಯಿಂದ, ಎಸ್‌ಡಿಕೆಯನ್ನು ಮತ್ತೊಂದು ಕಡೆಯಿಂದ ತಂದು, ಎಡಿಟಿ ಎಂಬ ಪ್ಲಗಿನ್ನಿನಿಂದ ಇವನ್ನೆಲ್ಲ ಒಂದಕ್ಕೊಂದು ಹೊಲಿಯಬೇಕಾಗಿತ್ತು. ಶ್ರಮದ ಕೆಲಸವೇ ಸರಿ. ಆದರೆ ಯಾವುದು ಏತಕ್ಕೆ ಎಂಬುದು ಹೊಲಿದವನಿಗೆ ತಿಳಿಯುತ್ತಿತ್ತು. 2013ರ ಮೇ ತಿಂಗಳಿನಲ್ಲಿ ಗೂಗಲ್ ಸಂಸ್ಥೆಯು ಜೆಟ್‌ಬ್ರೈನ್ಸ್‌ನವರ ಇಂಟೆಲಿಜೆಯನ್ನು ತಳಹದಿಯಾಗಿಟ್ಟುಕೊಂಡು ಆ್ಯಂಡ್ರಾಯ್ಡ್ ಸ್ಟುಡಿಯೋವನ್ನು ಪ್ರಕಟಿಸಿ, 2014ರ ಡಿಸೆಂಬರಿನಲ್ಲಿ ಅದರ ಮೊದಲ ಸ್ಥಿರ ಆವೃತ್ತಿಯನ್ನು ಬಿಡುಗಡೆ ಮಾಡಿದ ತರುವಾಯ ಕ್ರಮೇಣ ಎಲ್ಲವೂ ಒಂದೇ ಗಂಟಿನೊಳಗೆ ಬರತೊಡಗಿತು. ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಎಂದು ಒತ್ತಿದರೆ ಮುಗಿಯಿತು. ಸೌಕರ್ಯ ಹೆಚ್ಚಿದಂತೆಲ್ಲ ಗಂಟಿನೊಳಗಿನ ಸರಂಜಾಮು ಮರೆಯಾಯಿತು. ಗಂಟು ಸಡಿಲವಾದ ದಿನ ಯಾವ ಎಳೆಯನ್ನು ಹಿಡಿದು ಎಳೆಯಬೇಕೆಂಬುದು ನಮ್ಮ ಮಕ್ಕಳಿಗೆ ತೋಚದಂತಾಯಿತು.

ಆದುದರಿಂದ ಗಂಟನ್ನು ತರಗತಿಯಲ್ಲಿಯೇ ಬಿಚ್ಚಿ ತೋರಿಸಬೇಕೆಂಬುದು ನನ್ನ ಮೊದಲ ಬಿನ್ನಹ. ವಿಂಡೋಸ್ ಯಂತ್ರದಲ್ಲಿ ಎಸ್‌ಡಿಕೆ ಹೋಗಿ ಕೂರುವುದು ಬಳಕೆದಾರನ ಫೋಲ್ಡರಿನೊಳಗಿನ ಆ್ಯಪ್‌ಡೇಟಾ ಎಂಬಲ್ಲಿ. ಅದು ಸಹಜವಾಗಿ ಕಣ್ಣಿಗೆ ಕಾಣದ ಫೋಲ್ಡರು. ಅಡಗಿದ ಫೋಲ್ಡರುಗಳನ್ನು ತೋರಿಸೆಂದು ಯಂತ್ರಕ್ಕೆ ಹೇಳುವುದನ್ನು ಕಲಿಸಿ, ಒಬ್ಬೊಬ್ಬರೂ ಅದರೊಳಕ್ಕೆ ಇಳಿದು ನೋಡುವಂತೆ ಮಾಡಿರಿ. ಪ್ಲಾಟ್‌ಫಾರ್ಮ್ಸ್ ಎಂಬ ಕೋಣೆಯಲ್ಲಿ ಆ್ಯಂಡ್ರಾಯ್ಡ್‌ನ ಒಂದೊಂದು ಎಪಿಐ ಮಟ್ಟಕ್ಕೂ ಒಂದೊಂದು ಫೋಲ್ಡರಿದೆ. ಬಿಲ್ಡ್ ಟೂಲ್ಸ್‌ನಲ್ಲಿ ನಾವು ಬರೆದುದನ್ನು ಮೊಬೈಲಿಗೆ ತಿಳಿಯುವ ರೂಪಕ್ಕೆ ತಂದು, ಕಟ್ಟಿ, ಸಹಿ ಹಾಕುವ ಉಪಕರಣಗಳಿವೆ. ಪ್ಲಾಟ್‌ಫಾರ್ಮ್ ಟೂಲ್ಸ್‌ನಲ್ಲಿ ಯಂತ್ರಕ್ಕೂ ಮೊಬೈಲಿಗೂ ಸೇತುವೆಯಾಗುವ ಎಡಿಬಿ ಇದೆ. ಇವೆಲ್ಲವನ್ನೂ ಕರೆದು ಕೆಲಸಕ್ಕೆ ಹಚ್ಚುವ ಸೂತ್ರಧಾರ ಗ್ರೇಡಲ್. ಮೊದಲ ಸಲ ಬಿಲ್ಡ್ ಮಾಡುವಾಗ ಈ ಸೂತ್ರಧಾರನು ತನಗೆ ಬೇಕಾದ ಗ್ರಂಥಾಲಯಗಳನ್ನೆಲ್ಲ ಗೂಗಲ್‌ನ ಭಂಡಾರದಿಂದಲೂ ಮೇವನ್ ಸೆಂಟ್ರಲ್ ಭಂಡಾರದಿಂದಲೂ ತರಿಸಿಕೊಳ್ಳುತ್ತಾನಾಗಿ, ಹಳ್ಳಿಯ ನೆಟ್‌ವರ್ಕಿನಲ್ಲಿ ಅದಕ್ಕೆ ಅರ್ಧ ದಿನ ಹಿಡಿದರೂ ಆಶ್ಚರ್ಯವಿಲ್ಲ. ಇದನ್ನು ತಿಳಿಯದ ಹುಡುಗ ಸಿಸ್ಟಂ ಹ್ಯಾಂಗ್ ಆಯಿತೆಂದು ನಡುವೆಯೇ ಮುಚ್ಚಿ, ಮತ್ತೆ ಮೊದಲಿನಿಂದ ತೊಡಗುತ್ತಾನೆ. ಕಪ್ಪು ಪರದೆಯಲ್ಲಿ ಎಡಿಬಿ ಎಂದು ಬರೆದರೆ ಅಂತಹ ಆಜ್ಞೆಯನ್ನು ನಾನರಿಯೆನೆಂದು ಯಂತ್ರ ಉತ್ತರಿಸುವುದುಂಟಷ್ಟೆ. ಆ ಒಂದು ಉತ್ತರವನ್ನು ಇಟ್ಟುಕೊಂಡು, ಹೆಸರು ಹಿಡಿದು ಕೂಗಿದಾಗ ಯಂತ್ರವು ಯಾವ ಯಾವ ಕೋಣೆಗಳಲ್ಲಿ ಹುಡುಕಬೇಕೆಂಬ ಪಟ್ಟಿಯೇ ಪಾತ್ ಎಂಬುದನ್ನೂ, ನಾವು ನಿಂತ ಕೋಣೆಯನ್ನು ಬಿಟ್ಟರೆ ಪಟ್ಟಿಯಲ್ಲಿ ಇಲ್ಲದ ಕೋಣೆಗೆ ಅದು ಇಣಿಕಿಯೂ ನೋಡದು ಎಂಬುದನ್ನೂ ಒಂದು ಗಂಟೆ ವಿವರಿಸಿದರೆ, ಮುಂದೆ ಅವರು ಯಾವ ಭಾಷೆಯನ್ನು ಕಲಿಯಲು ಹೋದರೂ ಅದು ನೆರವಿಗೆ ಬರುತ್ತದೆ.

ಇಲ್ಲಿ ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಒಂದು ಪ್ರಸಂಗವನ್ನು ಹೇಳಲೇಬೇಕು. ಸಕಲೇಶಪುರದ ಕಡೆಯ ಒಬ್ಬ ಹುಡುಗ. ಮನೆಯಲ್ಲಿ ಸಣ್ಣ ಕಾಫಿ ತೋಟ. ಅವನ ಅಜ್ಜ ಪ್ರತಿದಿನ ಬೆಳಿಗ್ಗೆ ಮಳೆಮಾಪಕವನ್ನು ನೋಡಿ, ಇಷ್ಟು ಇಂಚು ಇಷ್ಟು ಸೆಂಟ್ ಎಂದು ಬರೆದಿಡುತ್ತಾ ಬಂದಿರುವ ನೋಟ್‌ಬುಕ್ಕುಗಳು ಒಂದು ಟ್ರಂಕಿನ ತುಂಬ ಇವೆಯಂತೆ. ಹೂಮಳೆ ಯಾವ ವರ್ಷ ಯಾವ ದಿನ ಬಿತ್ತೆಂಬುದನ್ನು ಅಜ್ಜ ಮೊಬೈಲಿನಲ್ಲಿಯೇ, ಕನ್ನಡದಲ್ಲಿಯೇ ನೋಡುವಂತೆ ಒಂದು ಆ್ಯಪ್ ಮಾಡಿಕೊಡಬೇಕೆಂಬುದು ಮೊಮ್ಮಗನ ಆಸೆ. ಆ ಆಸೆಯ ಉತ್ಸಾಹದಲ್ಲಿ ಅವನು ಪ್ರಾಜೆಕ್ಟಿನ ಫೋಲ್ಡರಿಗೆ ‘ಮಳೆ ಲೆಕ್ಕ’ ಎಂದು ಕನ್ನಡ ಅಕ್ಷರಗಳಲ್ಲಿಯೇ ಹೆಸರಿಟ್ಟನು. ಯಂತ್ರ ಒಪ್ಪಲಿಲ್ಲ. ನಿನ್ನ ಪ್ರಾಜೆಕ್ಟಿನ ದಾರಿಯಲ್ಲಿ ಆಸ್ಕಿ ಅಲ್ಲದ ಅಕ್ಷರಗಳಿವೆ, ವಿಂಡೋಸ್‌ನಲ್ಲಿ ಇದರಿಂದ ಬಿಲ್ಡ್ ಕೆಡುವ ಸಂಭವವುಂಟು, ಬೇರೆ ಫೋಲ್ಡರಿಗೆ ಸಾಗಿಸು ಎಂಬ ಅರ್ಥದ ಸೂಚನೆ ಬಂದಿತು. ಹುಡುಗ ಎದ್ದು ನಿಂತು, “ಹಾಗಾದ್ರೆ ಕನ್ನಡದಲ್ಲಿ ಆ್ಯಪ್ ಮಾಡೋಕೇ ಆಗಲ್ವಾ ಸರ್?” ಎಂದು ಕೇಳಿದಾಗ ಅವನ ದನಿಯಲ್ಲಿ ಇದ್ದ ನೋವು ನನಗೆ ಇನ್ನೂ ಮರೆತಿಲ್ಲ.

ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿ ನಾನು ಅವನಿಗೆ ಹೇಳಿದುದು ಇದು: 1963ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಪಟ್ಟಿಯಲ್ಲಿ 128 ಸಂಕೇತಗಳಿಗಷ್ಟೇ ಎಡೆಯಿದ್ದಿತು, ಬಿಲ್ಡ್ ಮಾಡುವ ಕೆಲವು ಉಪಕರಣಗಳು ವಿಂಡೋಸ್‌ನಲ್ಲಿ ಫೋಲ್ಡರುಗಳ ಹೆಸರನ್ನು ಓದುವಾಗ ಇಂದಿಗೂ ಆ ಪಟ್ಟಿಯಾಚೆಯ ಅಕ್ಷರಗಳಿಗೆ ಎಡವುತ್ತವೆ. ಆದರೆ ಯೂನಿಕೋಡಿನಲ್ಲಿ ನಮ್ಮ ಲಿಪಿಗೆ 128 ಸ್ಥಾನಗಳ ಒಂದು ಇಡೀ ಓಣಿಯೇ ಮೀಸಲಾಗಿದೆ. ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ಕನ್ನಡವು ಬರಿಯ ಚೌಕಗಳಾಗಿ ಕಾಣುತ್ತಿದ್ದ ಕಾಲವೊಂದಿತ್ತು. 2012ರ ಜೆಲ್ಲಿ ಬೀನ್ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಆಧಾರ ದೊರೆಯಿತು. 2014ರ ಲಾಲಿಪಾಪ್ ಆವೃತ್ತಿಯಿಂದ ಮೊಬೈಲಿನ ಸೆಟ್ಟಿಂಗುಗಳೇ ಕನ್ನಡದಲ್ಲಿ ಬರತೊಡಗಿದವು. ಆದಕಾರಣ ಹೊರಗಿನ ಫೋಲ್ಡರಿಗೆ ಖಾಲಿ ಜಾಗವಿಲ್ಲದ ರೋಮನ್ ಅಕ್ಷರಗಳ ಹೆಸರನ್ನು ಇಡು. ಒಳಗೆ ವ್ಯಾಲ್ಯೂಸ್ ಎಂಬ ಫೋಲ್ಡರಿನ ಪಕ್ಕದಲ್ಲಿ ಕೆಎನ್ ಎಂಬ ಬಾಲ ಹೊತ್ತ ಇನ್ನೊಂದು ವ್ಯಾಲ್ಯೂಸ್ ಫೋಲ್ಡರನ್ನು ತೆರೆದು, ಅದರ ಸ್ಟ್ರಿಂಗ್ಸ್ ಕಡತದಲ್ಲಿ ಮನಸ್ಸು ತಣಿಯುವಷ್ಟು ಕನ್ನಡವನ್ನು ಬರೆ, ಎಂದೆನು. ಅವನು ಹಾಗೆಯೇ ಮಾಡಿ, ತನ್ನ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ತಿರುಗಿಸಿದ ಕ್ಷಣದಲ್ಲಿ, ಆ್ಯಪ್‌ನ ಹಸಿರು ಚೌಕದ ಕೆಳಗೆ ‘ಮಳೆ ಲೆಕ್ಕ’ ಎಂಬ ಹೆಸರು ಮೂಡಿತು. ತರಗತಿಯ ಮೂವತ್ತು ಮಕ್ಕಳೂ ಎದ್ದು ಬಂದು ಅವನ ಮೊಬೈಲಿನ ಸುತ್ತ ನೆರೆದರು. ಫೋಲ್ಡರಿನ ಹೆಸರಿಗೆ ನಮ್ಮ ಲಿಪಿ ಇಂದಿಗೂ ನಿಷಿದ್ಧವಾಗಿರುವುದು ನನ್ನ ಮಟ್ಟಿಗೆ ಒಂದು ಅನ್ಯಾಯವೇ; ಎಂದಾದರೊಂದು ದಿನ ಅದನ್ನು ಸರಿಪಡಿಸುವವರು ಇಂತಹ ಎಡವಿನ ಕಾರಣವನ್ನು ಬಲ್ಲ ಮಕ್ಕಳೇ ಆಗಿರಬೇಕಲ್ಲವೆ?

ಇನ್ನು ಯಂತ್ರಗಳ ಬಡತನದ ಮಾತು. ಆ್ಯಂಡ್ರಾಯ್ಡ್ ಸ್ಟುಡಿಯೋಗೆ ಕಡಿಮೆಯೆಂದರೆ 8 ಜಿಬಿ ರಾಮ್ ಇರಬೇಕೆಂದು ಅದರ ದಸ್ತಾವೇಜೇ ಹೇಳುತ್ತದೆ. ಅದರ ಮೇಲೆ ಎಮ್ಯುಲೇಟರನ್ನೂ ಓಡಿಸುವುದಾದರೆ ಅದೂ ಸಾಲದು, ಬಯಾಸ್‌ನಲ್ಲಿ ವರ್ಚುವಲೈಸೇಷನ್ ಎಂಬ ಕೀಲಿಯನ್ನು ಬೇರೆ ತೆರೆಯಬೇಕು. ನಮ್ಮ ಮಕ್ಕಳು ತರುವ ಹಳೆಯ ಲ್ಯಾಪ್‌ಟಾಪುಗಳಲ್ಲಿ ಎಮ್ಯುಲೇಟರ್ ಮೇಲೇಳುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಎಮ್ಯುಲೇಟರನ್ನು ಬಿಟ್ಟುಬಿಡಿ. ಪ್ರತಿಯೊಬ್ಬರ ಜೇಬಿನಲ್ಲಿಯೂ ಒಂದು ಮೊಬೈಲಿದೆ. ಸೆಟ್ಟಿಂಗ್‌ನಲ್ಲಿ ಬಿಲ್ಡ್ ನಂಬರ್ ಎಂಬುದರ ಮೇಲೆ ಏಳು ಸಲ ಬೆರಳಿಟ್ಟರೆ, ನೀನೀಗ ಡೆವಲಪರ್ ಆದೆ ಎಂಬ ಮಾತು ಕೆಳಗೆ ತೇಲಿ ಬರುತ್ತದೆ. ಯುಎಸ್‌ಬಿ ಡೀಬಗ್ಗಿಂಗ್ ಎಂಬುದನ್ನು ಆನ್ ಮಾಡಿ ಕೇಬಲ್ ಸಿಕ್ಕಿಸಿ, ಎಡಿಬಿ ಡಿವೈಸಸ್ ಎಂದು ಬರೆದರೆ ಪರದೆಯ ಮೇಲೆ ಆ ಮೊಬೈಲಿನ ಗುರುತು ಬರಬೇಕು. ಮೊದಲು ಅದರ ಎದುರಿಗೆ ಅನಾಥರೈಸ್ಡ್ ಎಂದಿರುತ್ತದೆ. ಮೊಬೈಲಿನಲ್ಲಿ ಅನುಮತಿಯನ್ನು ಕೊಟ್ಟು ಮತ್ತೆ ಕೇಳಿದರೆ ಡಿವೈಸ್ ಎಂದಾಗುತ್ತದೆ. ಪಟ್ಟಿ ಬರಿದಾಗಿ ಬಂದರೆ ನೂರಕ್ಕೆ ತೊಂಬತ್ತು ಸಲ ತಪ್ಪು ಕೇಬಲ್ಲಿನದು ಎಂಬುದು ನನ್ನ ಅನುಭವ. ಚಾರ್ಜ್ ಮಾತ್ರ ಮಾಡುವ ಅಗ್ಗದ ಕೇಬಲ್ಲುಗಳಲ್ಲಿ ದತ್ತಾಂಶ ಒಯ್ಯುವ ತಂತಿಗಳೇ ಇರುವುದಿಲ್ಲ. ಒಂದು ಒಳ್ಳೆಯ ಕೇಬಲ್ಲನ್ನು ಮೇಜಿನ ಡ್ರಾಯರಿನಲ್ಲಿ ಸದಾ ಇಟ್ಟುಕೊಂಡಿರಿ.

ಈ ವರ್ಷ ನಾನು ಮಾಡಿನೋಡಿದುದನ್ನು ತಮ್ಮ ಮುಂದಿಡುತ್ತೇನೆ. ಲ್ಯಾಬಿನ ಮೊದಲ ನಾಲ್ಕು ಅವಧಿಗಳಲ್ಲಿ ಪ್ರೋಗ್ರಾಂ ಇಲ್ಲ, ಹೂಡುವುದಷ್ಟೇ. ಲ್ಯಾಪ್‌ಟಾಪ್ ಇದ್ದವರು ತಮ್ಮದರಲ್ಲಿ, ಇಲ್ಲದವರು ನಾನು ಬೇಕೆಂದೇ ಬರಿದುಮಾಡಿ ಇಟ್ಟ ಲ್ಯಾಬಿನ ಯಂತ್ರಗಳಲ್ಲಿ. ಡೇಟಾದ ಹೊರೆ ಮನೆಯ ಮೇಲೆ ಬೀಳದಂತೆ, ಆ ವಾರ ಪ್ರಾಂಶುಪಾಲರ ಅನುಮತಿ ಪಡೆದು ಸಂಜೆ ಏಳರವರೆಗೆ ಕಾಲೇಜಿನ ನೆಟ್ ತೆರೆದಿಟ್ಟೆವು. ತೊಡಕು ಬಂದಾಗ ನನ್ನನ್ನು ಕರೆಯುವ ಮೊದಲು ಯಂತ್ರ ಹೇಳಿದ ಮಾತನ್ನು ಆದಿಯಿಂದ ಅಂತ್ಯದವರೆಗೆ ರೆಕಾರ್ಡ್ ಪುಸ್ತಕದಲ್ಲಿ ಕೈಯಿಂದ ಬರೆಯಬೇಕೆಂಬ ಒಂದೇ ನಿಯಮ. ಬರೆಯುತ್ತ ಬರೆಯುತ್ತ ಮೂರರಲ್ಲಿ ಒಂದು ಪಾಲು ಮಕ್ಕಳು, “ಗೊತ್ತಾಯ್ತು ಸರ್, ಬೇಡ” ಎಂದು ಎತ್ತಿದ ಕೈಯನ್ನು ಇಳಿಸಿಬಿಟ್ಟರು. ಎಸ್‌ಡಿಕೆ ಎಲ್ಲಿದೆಯೆಂದು ತಿಳಿಯದೆಂದ ಯಂತ್ರ, ಲೈಸೆನ್ಸ್ ಒಪ್ಪಿಲ್ಲವೆಂದ ಯಂತ್ರ, ಡಿಸ್ಕಿನಲ್ಲಿ ಜಾಗವಿಲ್ಲವೆಂದ ಯಂತ್ರ, ಹೀಗೆ ಒಬ್ಬೊಬ್ಬರ ಪುಸ್ತಕದ ಮೊದಲ ಪ್ರಯೋಗವೂ ಬೇರೆ ಬೇರೆಯಾಯಿತು. ಒಬ್ಬರದನ್ನು ನೋಡಿ ಇನ್ನೊಬ್ಬರು ನಕಲು ಮಾಡುವುದಕ್ಕೆ ಅಲ್ಲಿ ಎಡೆಯೇ ಉಳಿಯಲಿಲ್ಲ. ನಾಲ್ಕು ಅವಧಿಗಳು ಹೋದುವಲ್ಲ, ಪಠ್ಯ ಮುಗಿಯುವುದೆಂತು ಎಂದು ತಾವು ಕೇಳುವುದು ಸಹಜ. ನಾನೂ ಅಳುಕಿದ್ದೆನು. ಕೊನೆಯ ಘಟಕವನ್ನು ಸ್ವಲ್ಪ ಅವಸರದಿಂದ ಮುಗಿಸಬೇಕಾಯಿತೆಂಬುದು ನಿಜ. ಆದರೆ ಹಿಂದಿನ ವರ್ಷಗಳಲ್ಲಿ ಪ್ರಾಜೆಕ್ಟಿನ ಕಾಲದಲ್ಲಿ ಹೊರಗಿನ ಅಂಗಡಿಗಳಿಗೆ ಹಣ ತೆತ್ತು ಸಿದ್ಧ ಪ್ರಾಜೆಕ್ಟನ್ನು ಕೊಂಡು ತರುತ್ತಿದ್ದ ಮಕ್ಕಳಲ್ಲಿ ಹಲವರು, ತಮ್ಮ ಯಂತ್ರದಲ್ಲಿ ಏನೂ ಓಡುವುದಿಲ್ಲವೆಂಬ ಹತಾಶೆಯಿಂದಲೇ ಅಲ್ಲಿಗೆ ಹೋಗುತ್ತಿದ್ದರೆಂಬುದು ನನಗೆ ಈ ವರ್ಷ ಅರಿವಾಯಿತು.

ಇನ್ನೊಂದು ಬಿನ್ನಹ: ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರಾಗಿ ತಮ್ಮಲ್ಲಿ ಯಾರಾದರೂ ನಮ್ಮಂತಹ ಕಾಲೇಜುಗಳಿಗೆ ದಯಮಾಡಿಸಿದಾಗ, ಆಕ್ಟಿವಿಟಿಯ ಜೀವನಚಕ್ರವನ್ನು ಹೇಳೆಂದು ಕೇಳುವುದಕ್ಕೆ ಮೊದಲು, ನಿನ್ನ ಯಂತ್ರದಲ್ಲಿ ಇದನ್ನು ಹೂಡುವಾಗ ಏನು ತೊಡಕಾಯಿತು, ಹೇಗೆ ಬಿಡಿಸಿದೆ ಎಂದು ಒಂದು ಪ್ರಶ್ನೆಯನ್ನು ಕೇಳಬೇಕೆಂದು ಪ್ರಾರ್ಥಿಸುತ್ತೇನೆ. ಆ ಪ್ರಶ್ನೆ ಬರುತ್ತದೆಂದು ತಿಳಿದರೆ ಕಲಿಸುವವರೂ ಕಲಿಸುತ್ತಾರೆ, ಕಲಿಯುವವರೂ ಕಲಿಯುತ್ತಾರೆ.

ಆಗಸ್ಟ್‌ನ ಆ ಸಂಜೆ ಬಂದಿದ್ದ ಹುಡುಗಿ ಬೇರೆ ವಿಷಯವನ್ನು ಕೇಳಲು ಮತ್ತೆ ಬರಲಿಲ್ಲ. ಈಗ ಅವಳು ಆರನೆಯ ಸೆಮಿಸ್ಟರಿನಲ್ಲಿದ್ದಾಳೆ. ನಮ್ಮ ನಾಲ್ಕು ಅವಧಿಗಳಲ್ಲಿ ಕಿರಿಯರ ಬೆಂಚುಗಳ ನಡುವೆ ಓಡಾಡಿ, ಕೀಲಿಮಣೆಗೆ ಕೈ ಹಾಕದೆ, “ಪೂರ್ತಿ ಓದು, ಕೆಳಗಿಂದೂ ಓದು” ಎಂದು ಹೇಳುತ್ತಿದ್ದವಳು ಅವಳೇ. ಬರುವ ಸೆಮಿಸ್ಟರಿಗೆ ಇನ್ನೂ ಕೆಲವು ವಾರಗಳಿವೆ. ತಮ್ಮ ಕಾಲೇಜುಗಳಲ್ಲಿ ಲ್ಯಾಬಿನ ವೇಳಾಪಟ್ಟಿ ಇನ್ನೂ ಪೆನ್ಸಿಲಿನಲ್ಲಿಯೇ ಇದ್ದೀತು ಎಂದು ನಂಬಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಹಾಸನ ಜಿಲ್ಲೆಯ ತಾಲ್ಲೂಕು ಕಾಲೇಜೊಂದರ ಅಧ್ಯಾಪಕ